ಜನರೇಟರ್ ಹಾಗೂ ಬದಲಾಗುವ ವಿದ್ಯುತ್ ಹೊರೆ: ಅರ್ಜಿದಾರರ ಮಾಹಿತಿಗಾಗಿ

ವಸತಿ ಸಮುಚ್ಚಯ, ಕಲ್ಯಾಣ ಮಂಟಪ, ನರ್ಸಿಂಗ್ ಹೋಂ, ಶೀತಲಗೃಹ, ಸಣ್ಣ ಕೈಗಾರಿಕೆ ಮುಂತಾದ ಸ್ಥಳಗಳಲ್ಲಿ ಸ್ಥಾಪಿಸುವ ಜನರೇಟರ್‌ಗಳ ಹಾಗೂ ಕ್ಯಾರವಾನ್ ಮಾದರಿಯ ಪ್ರವಾಸಿ ವಾಹನಗಳಲ್ಲಿ ಅಳವಡಿಸುವ ಚಿಕ್ಕ ಜನರೇಟರ್‌ಗಳ ಸಂಬಂಧ ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೆಂದರೆ, ಎಷ್ಟು ಕೆ.ವಿ.ಎ. ಸಾಮರ್ಥ್ಯದ ಜನರೇಟರ್ ಬೇಕು ಎಂಬುದಾಗಿರುತ್ತದೆ. ಎಲ್ಲಾ ಉಪಕರಣಗಳ ವ್ಯಾಟ್‌ಗಳನ್ನು ಕೂಡಿಸಿ, ಅದಕ್ಕೆ ಸ್ವಲ್ಪ ಹೆಚ್ಚುವರಿ ಸೇರಿಸಿ ಖರೀದಿಸುವುದು ರೂಢಿಯಲ್ಲಿರುತ್ತದೆ. ಆದರೆ ಹೊರೆ ಒಟ್ಟು ಎಷ್ಟು ಎಂಬುದರಷ್ಟೇ, ಅದು ಯಾವ ಕ್ರಮದಲ್ಲಿ, ಎಷ್ಟು ಹಠಾತ್ತಾಗಿ ಏರಿಳಿಯುತ್ತದೆ ಎಂಬುದೂ ಮುಖ್ಯವಾಗಿರುತ್ತದೆ. ಈ ಅಂಶವನ್ನು ಗಮನಿಸದೆ ಖರೀದಿಸಿದ ಜನರೇಟರ್ ಕಾಗದದ ಮೇಲೆ ಸಾಕಾಗುವಂತಿದ್ದರೂ, ಪಂಪು ಚಾಲೂ ಆದೊಡನೆ ಲಿಫ್ಟು ನಡುವೆ ನಿಲ್ಲುವುದು, ಮೋಟಾರು ಸುಡುವುದು, ಶಸ್ತ್ರಚಿಕಿತ್ಸಾ ಕೊಠಡಿಯ ದೀಪ ಮಂಕಾಗುವುದು ಮುಂತಾದ ತೊಂದರೆಗಳಿಗೆ ಕಾರಣವಾಗುತ್ತದೆ. ಆದುದರಿಂದ ಅರ್ಜಿ ಸಲ್ಲಿಸುವ ಮುನ್ನ ಈ ಕೆಳಕಂಡ ಮಾಹಿತಿಯನ್ನು ಓದಿಕೊಳ್ಳುವಂತೆ ಕೋರಲಾಗಿದೆ.

ಕಂಪನಿಯ ವಿದ್ಯುತ್ತಿಗೂ ಜನರೇಟರ್ ವಿದ್ಯುತ್ತಿಗೂ ಇರುವ ವ್ಯತ್ಯಾಸ

ವಿದ್ಯುತ್ ಸರಬರಾಜು ಕಂಪನಿಯ ಮಾರ್ಗದಿಂದ ಒಂದು ಮನೆಗೆ ಬರುವ ವಿದ್ಯುತ್ತಿನ ಹಿಂದೆ ಶರಾವತಿ, ರಾಯಚೂರು ಮೊದಲಾದ ಕೇಂದ್ರಗಳ ಭಾರೀ ಯಂತ್ರಗಳು ಮಾತ್ರವಲ್ಲ, ಇಡೀ ದೇಶದ ಜಾಲವೇ ಇರುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣದ ಜಾಲವು ಉಳಿದ ಜಾಲದೊಡನೆ ಜೋಡಣೆಯಾದ ನಂತರ ದೇಶದ ಯಂತ್ರಗಳೆಲ್ಲವೂ ಒಂದೇ ಲಯದಲ್ಲಿ ತಿರುಗುತ್ತಿವೆ. ಇಂತಹ ಜಾಲಕ್ಕೆ ಒಂದು ಪಂಪ್‌ಸೆಟ್ ಸೇರಿದರೂ ಬಿಟ್ಟರೂ ಲೆಕ್ಕಕ್ಕೆ ಬರುವುದಿಲ್ಲ. ಜನರೇಟರ್‌ನ ಸ್ಥಿತಿ ಹಾಗಲ್ಲ. ಒಂದು ಎಂಜಿನ್, ಅದರ ದಂಡಕ್ಕೆ ಜೋಡಿಸಿದ ಒಂದು ಆಲ್ಟರ್ನೇಟರ್, ಇವೆರಡೇ ಅದರ ಸಂಪತ್ತು. ಹೊರೆಯಲ್ಲಿನ ಪ್ರತಿಯೊಂದು ಬದಲಾವಣೆಯೂ ನೇರವಾಗಿ ಅದೇ ಎಂಜಿನ್‌ಗೆ ತಟ್ಟುತ್ತದೆ.

ಇಲ್ಲಿ ಎರಡು ಕೆಲಸಗಳು ಬೇರೆ ಬೇರೆಯಾಗಿ ನಡೆಯುತ್ತವೆ ಎಂಬುದನ್ನು ತಿಳಿದುಕೊಂಡರೆ ಉಳಿದುದೆಲ್ಲವೂ ಸುಲಭವಾಗಿ ಅರ್ಥವಾಗುತ್ತದೆ. ಎಂಜಿನ್ ಒದಗಿಸುವುದು ನಿಜವಾದ ಶಕ್ತಿ. ಅದರ ಅಳತೆ ಕಿಲೋವ್ಯಾಟ್. ಆಲ್ಟರ್ನೇಟರ್ ಹೊರುವುದು ಒಟ್ಟು ಕರೆಂಟಿನ ಭಾರ; ಅದರ ಅಳತೆ ಕೆ.ವಿ.ಎ. ಸಾಮಾನ್ಯವಾಗಿ ಮೂರು ಫೇಸ್ ಜನರೇಟರ್‌ಗಳನ್ನು 0.8 ಪವರ್ ಫ್ಯಾಕ್ಟರ್‌ಗೆ ನಿಗದಿಪಡಿಸಿರುವುದರಿಂದ 25 ಕೆ.ವಿ.ಎ. ಜನರೇಟರ್ ಎಂದರೆ 20 ಕಿಲೋವ್ಯಾಟ್, 62.5 ಕೆ.ವಿ.ಎ. ಎಂದರೆ 50 ಕಿಲೋವ್ಯಾಟ್ ಎಂದು ಲೆಕ್ಕ. ಎಂಜಿನ್ ಸೋತರೆ ವೇಗ ಹಾಗೂ ಆವರ್ತನ ಇಳಿಯುತ್ತವೆ. ಆಲ್ಟರ್ನೇಟರ್ ಸೋತರೆ ವೋಲ್ಟೇಜ್ ಇಳಿಯುತ್ತದೆ. ದೂರು ಹೇಳುವವರು ಬಹುಪಾಲು "ಕರೆಂಟು ಸಾಲುತ್ತಿಲ್ಲ" ಎಂದಷ್ಟೇ ಹೇಳುತ್ತಾರೆ. ಎರಡರಲ್ಲಿ ಯಾವುದು ಸೋತಿದೆ ಎಂದು ಗುರುತಿಸದೆ ಪರಿಹಾರ ಸೂಚಿಸಲು ಬರುವುದಿಲ್ಲ.

ಹೊರೆ ಹಠಾತ್ತಾಗಿ ಹೆಚ್ಚಿದಾಗ

ನಾಲ್ಕು ಧ್ರುವಗಳ ಆಲ್ಟರ್ನೇಟರ್ ನಿಮಿಷಕ್ಕೆ 1,500 ಸುತ್ತು ತಿರುಗಿದಾಗ 50 ಹರ್ಟ್ಜ್ ಆವರ್ತನ ದೊರೆಯುತ್ತದೆ. ಎರಡು ಧ್ರುವಗಳ ಚಿಕ್ಕ ಪೆಟ್ರೋಲ್ ಜನರೇಟರ್‌ಗಳು ಇದಕ್ಕಾಗಿ 3,000 ಸುತ್ತು ತಿರುಗಬೇಕಾಗುತ್ತದೆ. ಅವುಗಳ ಸದ್ದು ಹೆಚ್ಚಾಗಿರಲು ಇದೂ ಒಂದು ಕಾರಣ. ಹೊಸ ಹೊರೆ ಸೇರಿದ ಕ್ಷಣದಲ್ಲಿ ಆಲ್ಟರ್ನೇಟರ್‌ನ ಕರೆಂಟು ಏರಿ, ತಿರುಗುವ ದಂಡಕ್ಕೆ ತಡೆಯೊಡ್ಡುತ್ತದೆ. ಎಂಜಿನ್‌ಗೆ ಹೆಚ್ಚು ಇಂಧನ ಬೇಕೆಂಬುದು ಆ ಕ್ಷಣದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಬೇಕಾದ ಹೆಚ್ಚುವರಿ ಶಕ್ತಿಯನ್ನು ಮೊದಲು ಫ್ಲೈವೀಲ್ ತನ್ನ ವೇಗದಿಂದ ಕೊಡುತ್ತದೆ. ಹಾಗೆ ಕೊಟ್ಟಷ್ಟೂ ವೇಗ ಇಳಿಯುತ್ತದೆ. ವೇಗ ಇಳಿದುದನ್ನು ಗವರ್ನರ್ ಗ್ರಹಿಸಿ ಇಂಧನ ಹೆಚ್ಚಿಸಿದ ನಂತರವೇ ಎಂಜಿನ್ ಚೇತರಿಸಿಕೊಳ್ಳುತ್ತದೆ. ಈ ಇಡೀ ಕ್ರಿಯೆಗೆ ಕೆಲವು ಸೆಕೆಂಡುಗಳು ಬೇಕಾಗುತ್ತವೆ. ಎಂಜಿನ್‌ನ ಧ್ವನಿ ಒಮ್ಮೆ ಭಾರವಾಗಿ, ಮತ್ತೆ ಏರಿ ಸರಿಹೋಗುವುದು ಕೇಳಿಸುವುದು ಇದರಿಂದಲೇ.

ಯಾಂತ್ರಿಕ ಗವರ್ನರ್ ಇರುವ ಜನರೇಟರ್‌ಗಳಲ್ಲಿ ವೇಗ ಪೂರ್ತಿಯಾಗಿ ಹಿಂದಿನ ಮಟ್ಟಕ್ಕೆ ಮರಳುವುದಿಲ್ಲ. ಹೊರೆಯಿಲ್ಲದಾಗ 52 ಹರ್ಟ್ಜ್ ತೋರಿಸಿ ಪೂರ್ಣ ಹೊರೆಯಲ್ಲಿ 50 ಹರ್ಟ್ಜ್‌ಗೆ ಇಳಿಯುವಂತೆ ಅವುಗಳನ್ನು ಹೊಂದಿಸಲಾಗಿರುತ್ತದೆ. ಮೀಟರಿನಲ್ಲಿ 52 ಕಂಡು ಜನರೇಟರ್ ಕೆಟ್ಟಿದೆಯೆಂದು ಭಾವಿಸಿ ಗವರ್ನರ್ ತಿರುಪನ್ನು ತಿರುಗಿಸುವವರುಂಟು. ಹೀಗೆ ಮಾಡಿದಲ್ಲಿ ಪೂರ್ಣ ಹೊರೆಯಲ್ಲಿ ಆವರ್ತನ 48ಕ್ಕೆ ಇಳಿಯುತ್ತದೆ. ಎಲೆಕ್ಟ್ರಾನಿಕ್ ಗವರ್ನರ್ ಇರುವ ಯಂತ್ರಗಳು ಹೊರೆ ಎಷ್ಟೇ ಇದ್ದರೂ ಸ್ಥಿರಸ್ಥಿತಿಯಲ್ಲಿ 50 ಹರ್ಟ್ಜ್ ಅನ್ನೇ ಕಾಯ್ದುಕೊಳ್ಳುತ್ತವೆ. ಆದರೂ ಹೊರೆ ಸೇರಿದ ಕ್ಷಣದ ಇಳಿತ ಅವುಗಳಿಗೂ ತಪ್ಪಿದ್ದಲ್ಲ.

ವೋಲ್ಟೇಜ್‌ನ ಕುಸಿತ ಇದಕ್ಕಿಂತ ಶೀಘ್ರವಾಗಿ, ಹೊರೆ ಸೇರಿದ ತಕ್ಷಣವೇ ಆಗುತ್ತದೆ. ಅದನ್ನು ಸರಿಪಡಿಸುವುದು ಎ.ವಿ.ಆರ್. ಎಂದು ಕರೆಯಲಾಗುವ ವೋಲ್ಟೇಜ್ ನಿಯಂತ್ರಕ. ಅದು ಆಲ್ಟರ್ನೇಟರ್‌ನ ಕಾಂತಕ್ಷೇತ್ರವನ್ನು ಬಲಪಡಿಸಿ ವೋಲ್ಟೇಜನ್ನು ಮೇಲೆತ್ತುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ವೇಗ ತೀರಾ ಇಳಿದಾಗ ಬಹುತೇಕ ಎ.ವಿ.ಆರ್.ಗಳು ವೋಲ್ಟೇಜನ್ನು ಬೇಕೆಂದೇ ತಗ್ಗಿಸುತ್ತವೆ. ವೋಲ್ಟೇಜ್ ತಗ್ಗಿದರೆ ಹೊರೆ ಎಳೆಯುವ ಶಕ್ತಿ ತಗ್ಗಿ, ಎಂಜಿನ್‌ಗೆ ಉಸಿರಾಡಲು ಅವಕಾಶ ಸಿಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ದೋಷದಂತೆ ಕಂಡರೂ ಯಂತ್ರವನ್ನು ಉಳಿಸುವ ವ್ಯವಸ್ಥೆಯಾಗಿರುತ್ತದೆ.

ಟರ್ಬೋಚಾರ್ಜರ್ ಇರುವ ಎಂಜಿನ್‌ಗಳ ವಿಚಾರದಲ್ಲಿ ಮತ್ತೊಂದು ಮಾತು. ಟರ್ಬೋ ತಿರುಗುವುದು ಹೊಗೆಯ ಒತ್ತಡದಿಂದ. ಹೊರೆ ಇಲ್ಲದಿದ್ದಾಗ ಹೊಗೆಯೂ ಕಡಿಮೆ, ಗಾಳಿಯೂ ಕಡಿಮೆ. ಆದುದರಿಂದ ಇಂತಹ ಎಂಜಿನ್ ಪೂರ್ಣ ಹೊರೆಯನ್ನು ಒಂದೇ ಏಟಿಗೆ ಹೊರಲಾರದು. ಎರಡು ಅಥವಾ ಮೂರು ಹಂತಗಳಲ್ಲಿ ಹೊರೆ ಕೊಡತಕ್ಕದ್ದು. ಮೊದಲ ಹಂತದಲ್ಲಿ ಎಷ್ಟು ಎಂಬುದು ತಯಾರಕರ ವಿವರ ಪತ್ರದಲ್ಲಿರುತ್ತದೆ. ಖರೀದಿಗೆ ಮುನ್ನ ಅದನ್ನು ಕೇಳಿ ಪಡೆಯುವುದು ಸೂಕ್ತ.

ಮೋಟಾರು ಚಾಲೂ ಆಗುವ ಸಮಯ

ಅತಿ ಹೆಚ್ಚು ತೊಂದರೆ ಬರುವುದು ಇಲ್ಲಿಯೇ. ಬಲ್ಬು, ಗೀಸರ್, ಇಸ್ತ್ರಿಪೆಟ್ಟಿಗೆಗಳು ಒಮ್ಮೆಗೆ ತಮ್ಮ ಪಾಲಿನ ಹೊರೆಯನ್ನು ಹೇರಿ ಸುಮ್ಮನಿರುತ್ತವೆ. ಮೋಟಾರು ಹಾಗಲ್ಲ, ನೇರ ಸ್ಟಾರ್ಟರ್ ಮೂಲಕ ಚಾಲೂ ಮಾಡಿದಾಗ ಅದು ಪೂರ್ಣ ಹೊರೆಯ ಕರೆಂಟಿನ ಸುಮಾರು 6 ಪಟ್ಟು ಎಳೆಯುತ್ತದೆ. ಉದಾಹರಣೆಗೆ 10 ಅಶ್ವಶಕ್ತಿಯ ಮೂರು ಫೇಸ್ ಮೋಟಾರನ್ನು ತೆಗೆದುಕೊಳ್ಳಬಹುದು. ಚಾಲನೆಯಲ್ಲಿರುವಾಗ ಅದರ ಕರೆಂಟು ಸುಮಾರು 14 ಆಂಪಿಯರ್, ಅಂದರೆ ಸುಮಾರು 10 ಕೆ.ವಿ.ಎ. ಚಾಲೂ ಆಗುವ ಕ್ಷಣದಲ್ಲಿ ಅದು 84 ಆಂಪಿಯರ್, ಅಂದರೆ ಸುಮಾರು 60 ಕೆ.ವಿ.ಎ. ಆಗುತ್ತದೆ. 25 ಕೆ.ವಿ.ಎ. ಜನರೇಟರ್‌ಗೆ 10 ಕೆ.ವಿ.ಎ. ಹೊರೆ ಏನೂ ಅಲ್ಲ ಎಂದು ಖರೀದಿಸಿದವರ ಯಂತ್ರದ ಮೇಲೆ ಆ ಕೆಲವು ಸೆಕೆಂಡು ಅದರ ಸಾಮರ್ಥ್ಯದ ಎರಡೂವರೆ ಪಟ್ಟಿನಷ್ಟು ಭಾರ ಬೀಳುತ್ತದೆ. ಆಲ್ಟರ್ನೇಟರ್‌ನ ಗುಣಕ್ಕನುಗುಣವಾಗಿ ವೋಲ್ಟೇಜ್ ಸುಮಾರು ಕಾಲುಭಾಗದಷ್ಟು ಅಥವಾ ಅದಕ್ಕಿಂತ ಹೆಚ್ಚು ಕುಸಿಯಬಹುದು.

ವೋಲ್ಟೇಜ್ ಶೇಕಡ 30ಕ್ಕಿಂತ ಹೆಚ್ಚು ಕುಸಿದರೆ ಇತರ ಮೋಟಾರುಗಳ ಕಾಂಟ್ಯಾಕ್ಟರ್‌ಗಳು ಹಿಡಿತ ಬಿಡುವ ಸಂಭವವಿರುತ್ತದೆ. ಕಾಂಟ್ಯಾಕ್ಟರ್ ಒಮ್ಮೆ ಬಿಟ್ಟು, ವೋಲ್ಟೇಜ್ ಮರಳಿದೊಡನೆ ಮತ್ತೆ ಹಿಡಿದು, ಮತ್ತೆ ಬಿಡುವ ಸ್ಥಿತಿಯೂ ಉಂಟಾಗಬಹುದು. ಟಪ ಟಪ ಎಂಬ ಆ ಸದ್ದು ಕೇಳಿಸಿದ ಕೂಡಲೇ ಹೊರೆ ಕಡಿತಗೊಳಿಸತಕ್ಕದ್ದು. ಕುಸಿದ ವೋಲ್ಟೇಜಿನಲ್ಲಿ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಶೇಕಡ 70ರಷ್ಟು ವೋಲ್ಟೇಜಿನಲ್ಲಿ ತಿರುಗುಬಲ ಅರ್ಧಕ್ಕೆ ಬರುತ್ತದೆ. ಹೊರೆಯೊಡನೆ ನಿಂತ ಮೋಟಾರು ಏಳಲಾರದೆ ಅದೇ ಹೆಚ್ಚಿನ ಕರೆಂಟನ್ನು ಎಳೆಯುತ್ತಲೇ ಇದ್ದು ಸುಟ್ಟುಹೋಗುತ್ತದೆ.

ಇದಕ್ಕೆ ದೊಡ್ಡ ಜನರೇಟರ್ ಖರೀದಿಸುವುದೊಂದೇ ಪರಿಹಾರವೆಂದು ತಿಳಿಯಬೇಕಾಗಿಲ್ಲ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಬಳಸಿದಲ್ಲಿ ಆರಂಭದ ಕರೆಂಟು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ 60 ಕೆ.ವಿ.ಎ. ಬದಲು ಸುಮಾರು 20 ಕೆ.ವಿ.ಎ. ಸಾಕು. ತಿರುಗುಬಲವೂ ಮೂರನೇ ಒಂದು ಭಾಗಕ್ಕೆ ಇಳಿಯುವುದರಿಂದ ನೀರಿನ ಪಂಪಿನಂತಹ ಹಗುರವಾಗಿ ಆರಂಭವಾಗುವ ಯಂತ್ರಗಳಿಗೆ ಮಾತ್ರ ಇದು ಹೊಂದುತ್ತದೆ. ಸಾಫ್ಟ್ ಸ್ಟಾರ್ಟರ್ ಹಾಗೂ ವೇಗ ನಿಯಂತ್ರಕ ಡ್ರೈವ್‌ಗಳು ಇದಕ್ಕಿಂತ ನಯವಾಗಿ ಚಾಲೂ ಮಾಡುತ್ತವೆ. ಸ್ಟಾರ್ಟರ್ ಬದಲಿಸುವ ಖರ್ಚು ಒಮ್ಮೆ ಮಾತ್ರ. ಅನಗತ್ಯವಾಗಿ ದೊಡ್ಡದಾದ ಜನರೇಟರ್‌ನ ಖರ್ಚು ಖರೀದಿಯಲ್ಲಿ ಒಮ್ಮೆ, ಡೀಸೆಲಿನಲ್ಲಿ ಪ್ರತಿದಿನ.

ಚಾಲೂ ಮಾಡುವ ಕ್ರಮವೂ ಮುಖ್ಯ. ದೊಡ್ಡ ಮೋಟಾರನ್ನು ಮೊದಲು, ಚಿಕ್ಕವನ್ನು ನಂತರ, ಒಂದೊಂದರ ನಡುವೆ ವೋಲ್ಟೇಜ್ ಹಾಗೂ ವೇಗ ಸರಿಹೋಗುವಷ್ಟು ಸಮಯ ಬಿಟ್ಟು ಚಾಲೂ ಮಾಡತಕ್ಕದ್ದು. ವಿದ್ಯುತ್ ಹೋದಾಗ ಚಾಲೂ ಸ್ಥಿತಿಯಲ್ಲಿಯೇ ಉಳಿದ ಎಲ್ಲಾ ಪಂಪುಗಳ ಮೇಲೆ ಜನರೇಟರ್ ಒಮ್ಮೆಲೇ ಬೀಳದಂತೆ ಸಮಯ ವಿಳಂಬದ ರಿಲೇಗಳನ್ನು ಅಳವಡಿಸುವುದು ಒಳ್ಳೆಯದು.

ಹೊರೆ ಹಠಾತ್ತಾಗಿ ಇಳಿದಾಗ ಹಾಗೂ ಹೊರೆ ತೀರಾ ಕಡಿಮೆಯಿದ್ದಾಗ

ದೊಡ್ಡ ಹೊರೆ ಒಮ್ಮೆಲೇ ಕಡಿತಗೊಂಡರೆ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಇಂಧನ ಇಳಿಯುವುದರೊಳಗೆ ವೇಗ ಏರುತ್ತದೆ, ವೋಲ್ಟೇಜೂ ಜಿಗಿಯುತ್ತದೆ. ಐ.ಎಸ್.ಓ. 8528 ಮಾನಕವು ಜನರೇಟರ್‌ಗಳನ್ನು ಈ ಏರಿಳಿತಗಳಿಗನುಗುಣವಾಗಿ ಜಿ1, ಜಿ2, ಜಿ3 ಹಾಗೂ ಜಿ4 ಎಂದು ವರ್ಗೀಕರಿಸಿದೆ. ಹೊರೆ ಹಠಾತ್ತಾಗಿ ಏರಿದಾಗ ವೋಲ್ಟೇಜ್ ಕುಸಿತಕ್ಕೆ ಜಿ1ರಲ್ಲಿ ಶೇಕಡ 25, ಜಿ2ರಲ್ಲಿ 20, ಜಿ3ರಲ್ಲಿ 15ರ ಮಿತಿಯಿದೆ. ದೀಪ, ಪಂಪುಗಳಿಗೆ ಕೆಳಗಿನ ವರ್ಗಗಳು ಸಾಕು. ದೂರಸಂಪರ್ಕ ಹಾಗೂ ಸೂಕ್ಷ್ಮ ವೈದ್ಯಕೀಯ ಉಪಕರಣಗಳಿಗೆ ಜಿ3 ಕೇಳುವುದು ವಾಡಿಕೆ. ಜಿ4 ಎಂದರೆ ಖರೀದಿದಾರ ಹಾಗೂ ತಯಾರಕರ ನಡುವಿನ ಒಪ್ಪಂದದಂತೆ ಎಂದರ್ಥ. ದರಪಟ್ಟಿ ಕೇಳುವಾಗ ಕೆ.ವಿ.ಎ. ಜೊತೆಗೆ ಈ ವರ್ಗವನ್ನೂ ನಮೂದಿಸುವಂತೆ ಕೇಳುವವರು ವಿರಳ. ಕೇಳತಕ್ಕದ್ದು.

ಲಿಫ್ಟ್ ಇರುವ ಕಟ್ಟಡಗಳವರು ಗಮನಿಸಬೇಕಾದ ಅಂಶವೊಂದಿದೆ. ತುಂಬಿದ ಲಿಫ್ಟು ಕೆಳಗಿಳಿಯುವಾಗ, ಖಾಲಿ ಲಿಫ್ಟು ಮೇಲೇರುವಾಗ ಮೋಟಾರು ಶಕ್ತಿಯನ್ನು ಎಳೆಯುವ ಬದಲು ಹಿಂದಿರುಗಿಸಬಹುದು. ಲಿಫ್ಟಿನ ಡ್ರೈವ್ ಇದನ್ನು ತನ್ನ ರೆಸಿಸ್ಟರ್‌ನಲ್ಲಿ ಉರಿಸಿಬಿಡುವ ಮಾದರಿಯದಾದರೆ ಸಮಸ್ಯೆಯಿಲ್ಲ. ಜಾಲಕ್ಕೆ ಹಿಂದಿರುಗಿಸುವ ಮಾದರಿಯದಾದರೆ ಜನರೇಟರ್‌ನ ಮೇಲೆ ಆ ವೇಳೆ ದೀಪ ಇತ್ಯಾದಿ ಬೇರೆ ಹೊರೆ ಇರಲೇಬೇಕು. ಎಂಜಿನ್ ತಾನಾಗಿ ಹೀರಿಕೊಳ್ಳಬಲ್ಲದ್ದು ಅತ್ಯಲ್ಪ.

ಪವರ್ ಫ್ಯಾಕ್ಟರ್ ಸುಧಾರಣೆಗಾಗಿ ಕಟ್ಟಡಗಳಲ್ಲಿ ಅಳವಡಿಸುವ ಕೆಪಾಸಿಟರ್ ಫಲಕಗಳನ್ನು ಜನರೇಟರ್ ಚಾಲನೆಯಲ್ಲಿರುವಾಗ ಬೇರ್ಪಡಿಸುವ ವ್ಯವಸ್ಥೆ ಇರತಕ್ಕದ್ದು. ಹೊರೆ ಕಡಿಮೆಯಿದ್ದು ಕೆಪಾಸಿಟರ್‌ಗಳು ಸಂಪರ್ಕದಲ್ಲಿಯೇ ಉಳಿದರೆ, ಅವು ಆಲ್ಟರ್ನೇಟರ್‌ನ ಕಾಂತಕ್ಷೇತ್ರವನ್ನು ತಾವೇ ಬಲಪಡಿಸಿ, ವೋಲ್ಟೇಜ್ ಎ.ವಿ.ಆರ್. ಹಿಡಿತ ತಪ್ಪಿ ಏರುತ್ತದೆ. ರಾತ್ರಿ ವೇಳೆ ಹಲವು ಮನೆಗಳ ಟಿ.ವಿ., ಫ್ರಿಜ್‌ಗಳು ಏಕಕಾಲಕ್ಕೆ ಕೆಡಲು ಇದೂ ಕಾರಣವಿರಬಹುದು.

ಕಡಿಮೆ ಹೊರೆಯ ಮತ್ತೊಂದು ಪರಿಣಾಮ ನಿಧಾನವಾದುದು. ಡೀಸೆಲ್ ಎಂಜಿನ್ ತನ್ನ ಸಾಮರ್ಥ್ಯದ ಶೇಕಡ 30ಕ್ಕಿಂತ ಕಡಿಮೆ ಹೊರೆಯಲ್ಲಿ ದೀರ್ಘಕಾಲ ಓಡಿದರೆ ಸಿಲಿಂಡರ್ ಸಾಕಷ್ಟು ಕಾಯುವುದಿಲ್ಲ. ಪೂರ್ತಿ ಉರಿಯದ ಇಂಧನ ಹಾಗೂ ಎಣ್ಣೆ ಕಪ್ಪು ಜಿಡ್ಡಾಗಿ ಹೊಗೆಕೊಳವೆಯಲ್ಲಿ ಸೋರುತ್ತದೆ. 2023ರ ಜುಲೈ 1ರಿಂದ 800 ಕಿಲೋವ್ಯಾಟ್‌ವರೆಗಿನ ಹೊಸ ಜನರೇಟರ್‌ಗಳಿಗೆ ಕಟ್ಟುನಿಟ್ಟಾದ ಹೊಗೆ ಮಾನದಂಡಗಳು ಜಾರಿಗೆ ಬಂದ ನಂತರ ಅನೇಕ ಎಂಜಿನ್‌ಗಳಲ್ಲಿ ಹೊಗೆ ಶುದ್ಧೀಕರಣ ಘಟಕಗಳಿವೆ. ಮಸಿ ಸೋಸುವ ಫಿಲ್ಟರ್ ಇರುವಲ್ಲಿ ಕಡಿಮೆ ಹೊರೆಯ ಓಟದಿಂದ ಅದೂ ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಖಾಲಿ ಓಡಿಸಿ ಪರೀಕ್ಷೆ ಮುಗಿಯಿತೆನ್ನುವ ಪದ್ಧತಿಯಿಂದ ಯಂತ್ರಕ್ಕೆ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚು. ಪರೀಕ್ಷೆಯನ್ನು ಹೊರೆಯೊಡನೆ ಮಾಡತಕ್ಕದ್ದು.

ಪ್ರವಾಸಿ ವಾಹನಗಳ ಜನರೇಟರ್

ಮಲಗುವ, ಅಡುಗೆ ಮಾಡುವ ಸೌಲಭ್ಯವುಳ್ಳ ವಾಹನಗಳಲ್ಲಿ ಸಾಮಾನ್ಯವಾಗಿ 2ರಿಂದ 5 ಕಿಲೋವ್ಯಾಟ್ ಜನರೇಟರ್ ಇರುತ್ತದೆ. ಮೇಲೆ ಹೇಳಿದ ಎಲ್ಲವೂ ಇವುಗಳಿಗೆ ಇನ್ನಷ್ಟು ತೀವ್ರವಾಗಿ ಅನ್ವಯಿಸುತ್ತದೆ. ಯಂತ್ರ ಚಿಕ್ಕದು, ಒಂದು ಏರ್ ಕಂಡೀಷನರ್ ಎಂದರೆ ಅದರ ಅರ್ಧ ಹೊರೆ. ಹಳೆಯ ಮಾದರಿಯ ಏರ್ ಕಂಡೀಷನರ್‌ನ ಕಂಪ್ರೆಸರ್ ಏಳುವಾಗ ಚಾಲನೆಯ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಅದೇ ಸಮಯದಲ್ಲಿ 2,000 ವ್ಯಾಟಿನ ಇಂಡಕ್ಷನ್ ಒಲೆಯಲ್ಲಿ ಅನ್ನಕ್ಕಿಟ್ಟಿದ್ದರೆ ಜನರೇಟರ್ ಟ್ರಿಪ್ ಆಗುವುದು ಸಹಜ. ಕಂಪ್ರೆಸರ್ ಎದ್ದ ನಂತರ ಒಲೆ ಹಚ್ಚುವುದು, ಬ್ಯಾಟರಿ ಚಾರ್ಜರ್ ಹಾಗೂ ಗೀಸರನ್ನು ಬೇರೆ ವೇಳೆಗೆ ಇಟ್ಟುಕೊಳ್ಳುವುದು, ಇಷ್ಟರಿಂದಲೇ ಬಹುಪಾಲು ತೊಂದರೆ ನಿವಾರಣೆಯಾಗುತ್ತದೆ. ಟ್ರಿಪ್ ಆದ ತಕ್ಷಣ ಮತ್ತೆ ಕಂಪ್ರೆಸರ್ ಚಾಲೂ ಮಾಡಬಾರದು. ಒಳಗಿನ ಒತ್ತಡ ಇಳಿಯಲು ಕನಿಷ್ಠ 3 ನಿಮಿಷ ಬಿಡತಕ್ಕದ್ದು.

ಇನ್ವರ್ಟರ್ ಜನರೇಟರ್ ಎಂಬ ಮಾದರಿಯ ಕ್ರಮ ಬೇರೆ. ಇವುಗಳಲ್ಲಿ ಎಂಜಿನ್ ವೇಗಕ್ಕೂ ಆವರ್ತನಕ್ಕೂ ನಂಟಿಲ್ಲ. ಆಲ್ಟರ್ನೇಟರ್ ಉತ್ಪಾದಿಸಿದ ವಿದ್ಯುತ್ತನ್ನು ಮೊದಲು ಏಕಮುಖ ಪ್ರವಾಹವಾಗಿಸಿ, ನಂತರ ಎಲೆಕ್ಟ್ರಾನಿಕ್ ಮಂಡಲವು 230 ವೋಲ್ಟ್, 50 ಹರ್ಟ್ಜ್ ಆಗಿ ಪರಿವರ್ತಿಸುತ್ತದೆ. ಹೊರೆ ಕಡಿಮೆಯಿದ್ದಾಗ ಎಂಜಿನ್ ನಿಧಾನವಾಗಿ ಓಡಿ ಪೆಟ್ರೋಲ್ ಉಳಿಸುತ್ತದೆ, ಸದ್ದೂ ಕಡಿಮೆ. ಆದರೆ ಮಿತವ್ಯಯ ಸ್ವಿಚ್ ಹಾಕಿರುವಾಗ ದೊಡ್ಡ ಹೊರೆ ಒಮ್ಮೆಲೇ ಬಂದರೆ ಎಂಜಿನ್ ವೇಗ ಹಿಡಿಯುವ ಮೊದಲೇ ಇನ್ವರ್ಟರ್ ರಕ್ಷಣೆಗಾಗಿ ಕಡಿತಗೊಳ್ಳುತ್ತದೆ. ಏರ್ ಕಂಡೀಷನರ್ ಚಾಲೂ ಮಾಡುವ ಮುನ್ನ ಆ ಸ್ವಿಚ್ ತೆಗೆದು, ಎಂಜಿನ್ ಪೂರ್ಣ ವೇಗಕ್ಕೆ ಬಂದ ನಂತರ ಹೊರೆ ಹಾಕತಕ್ಕದ್ದು. ಫ್ಲೈವೀಲಿನ ಆಸರೆ ಇವುಗಳಿಗೆ ಕಡಿಮೆ; ಮಿತಿ ಮೀರಿದ ಕರೆಂಟನ್ನು ಅವು ಕ್ಷಣಕಾಲವೂ ಸಹಿಸುವುದಿಲ್ಲ ಎಂದೇ ತಿಳಿಯುವುದು ಕ್ಷೇಮ.

ಎತ್ತರದ ಪರಿಣಾಮವೂ ವಾಹನಗಳಿಗೇ ಹೆಚ್ಚು. ಟರ್ಬೋ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಏರಿಕೆಗೆ ತನ್ನ ಶಕ್ತಿಯಲ್ಲಿ ಸುಮಾರು ಶೇಕಡ 3ರಿಂದ 3.5 ಕಳೆದುಕೊಳ್ಳುತ್ತದೆ. ಮಂಗಳೂರಿನ ಕಡಲತೀರದಲ್ಲಿ ಏರ್ ಕಂಡೀಷನರನ್ನು ಎಳೆದ ಜನರೇಟರ್ ಸಾವಿರ ಮೀಟರ್‌ಗೂ ಮೀರಿದ ಮಡಿಕೇರಿಯಲ್ಲಿ ಶೇಕಡ 10ಕ್ಕೂ ಹೆಚ್ಚು ಬಲ ಕಳೆದುಕೊಂಡಿರುತ್ತದೆ. ಅಲ್ಲಿ ಏರ್ ಕಂಡೀಷನರ್ ಬೇಕಾಗುವುದಿಲ್ಲವೆಂಬುದು ಸಮಾಧಾನವಾದರೂ ರೂಂ ಹೀಟರ್ ಬೇಕಾಗುತ್ತದೆ.

ಜನರೇಟರ್ ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಮಲಗಿರುವವರಿಗೆ ಅದು ಎಚ್ಚರಿಕೆ ಕೊಡುವುದಿಲ್ಲ. ವಾಹನವನ್ನು ಗೋಡೆ ಅಥವಾ ಬೇರೆ ವಾಹನಕ್ಕೆ ಒತ್ತಿ ನಿಲ್ಲಿಸಿ ರಾತ್ರಿಯಿಡೀ ಜನರೇಟರ್ ಓಡಿಸುವುದು ಪ್ರಾಣಾಪಾಯಕಾರಿ.

ಬದಲಿ ಸ್ವಿಚ್ ಇಲ್ಲದೆ ಸಂಪರ್ಕಿಸುವುದು

ಜನರೇಟರ್ ತಂತಿಯನ್ನು ಗೋಡೆಯ ಸಾಕೆಟ್‌ಗೆ ನೇರವಾಗಿ ಸಿಕ್ಕಿಸಿ ಮನೆಗೆ ವಿದ್ಯುತ್ ಕೊಡುವ ಪ್ರಕರಣಗಳಲ್ಲಿ ಒಂದು ತಪ್ಪು ನಂಬಿಕೆ ಕೇಳಿಬರುತ್ತದೆ: ಮುಖ್ಯ ಸ್ವಿಚ್ ತೆಗೆಯಲು ಮರೆತರೂ ಇಡೀ ಬೀದಿಯ ಹೊರೆ ಬಿದ್ದು ಜನರೇಟರ್ ತಾನಾಗಿ ನಿಂತುಹೋಗುತ್ತದೆ, ಆದುದರಿಂದ ಅಪಾಯವಿಲ್ಲ ಎಂಬುದು. ಬೀದಿಯ ಎಲ್ಲಾ ಮನೆಗಳು ಮಾರ್ಗಕ್ಕೆ ಸೇರಿದ್ದರೆ ಹಾಗಾಗಬಹುದು. ಆದರೆ ದುರಸ್ತಿಗಾಗಿ ಮಾರ್ಗವನ್ನು ಸಮೀಪದಲ್ಲಿಯೇ ತೆರೆದಿದ್ದರೆ ಜನರೇಟರ್‌ಗೆ ಕಾಣುವ ಹೊರೆ ಅತ್ಯಲ್ಪ. ಅದು ನಿರಾಯಾಸವಾಗಿ ಓಡುತ್ತಲೇ ಇರುತ್ತದೆ. ಪರಿವರ್ತಕದ ಮೂಲಕ ಹಿಮ್ಮುಖವಾಗಿ ಹೋದ 230 ವೋಲ್ಟ್ ಮೇಲ್ಗಡೆ 11,000 ವೋಲ್ಟ್ ಆಗುತ್ತದೆ. ಮಾರ್ಗ ಸತ್ತಿದೆಯೆಂದು ನಂಬಿ ಕಂಬದ ಮೇಲಿರುವ ಲೈನ್‌ಮ್ಯಾನ್‌ನ ಕೈಗೆ ಅದು ತಗಲುತ್ತದೆ. ಇನ್ನು, ಜನರೇಟರ್ ಓಡುತ್ತಿರುವಾಗಲೇ ಕಂಪನಿಯ ವಿದ್ಯುತ್ ಮರಳಿದರೆ ಲಯ ಹೊಂದದ ಎರಡು ಮೂಲಗಳು ಡಿಕ್ಕಿಯಾಗಿ ಆಲ್ಟರ್ನೇಟರ್ ಛಿದ್ರವಾಗುವ ಸಂಭವವಿರುತ್ತದೆ. ಎರಡೂ ಮೂಲಗಳು ಒಮ್ಮೆಗೆ ಸೇರಲು ಸಾಧ್ಯವೇ ಇಲ್ಲದಂತೆ ಯಾಂತ್ರಿಕವಾಗಿ ತಡೆಯುವ ಬದಲಿ ಸ್ವಿಚ್ ಅಳವಡಿಸದ ಸ್ಥಾಪನೆಯನ್ನು ಯಾವುದೇ ಕಾರಣಕ್ಕೂ ಬಳಸಕೂಡದು.

ಅರ್ಜಿಯೊಡನೆ ನೀಡಬೇಕಾದ ಹೊರೆ ವಿವರ

ಜನರೇಟರ್ ಸ್ಥಾಪನೆಯ ನಕ್ಷೆ ಹಾಗೂ ಕಾಮಗಾರಿಯನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಮಾಡಿಸತಕ್ಕದ್ದು. ಹೊರೆಪಟ್ಟಿಯಲ್ಲಿ "ಮೋಟಾರುಗಳು: 20 ಅಶ್ವಶಕ್ತಿ" ಎಂದು ಒಟ್ಟಾಗಿ ಬರೆದರೆ ಪರಿಶೀಲನೆಗೆ ಏನೂ ಸಹಾಯವಾಗುವುದಿಲ್ಲ. ಪ್ರತಿ ಮೋಟಾರಿನ ಅಶ್ವಶಕ್ತಿ, ಸ್ಟಾರ್ಟರ್ ಮಾದರಿ, ಯಾವ ಕ್ರಮದಲ್ಲಿ ಚಾಲೂ ಆಗುತ್ತದೆ ಎಂಬುದನ್ನು ಪ್ರತ್ಯೇಕವಾಗಿ ನಮೂದಿಸತಕ್ಕದ್ದು. ಏಕ ಫೇಸ್ ಹೊರೆಗಳನ್ನು ಮೂರು ಫೇಸ್‌ಗಳಿಗೆ ಹಂಚಿದ ವಿವರವೂ ಇರಲಿ. ಮಂಟಪಗಳಲ್ಲಿ ಅಲಂಕಾರ ದೀಪಗಳೆಲ್ಲವೂ ಒಂದೇ ಫೇಸ್ ಮೇಲೆ ಬಿದ್ದು, ಜನರೇಟರ್ ಅರ್ಧ ಖಾಲಿಯಿದ್ದರೂ ಆ ಒಂದು ಫೇಸ್ ಕಾದು ಹೋಗುವುದುಂಟು. ನರ್ಸಿಂಗ್ ಹೋಂಗಳವರು ಎಕ್ಸ್-ರೇ ಯಂತ್ರವನ್ನು ಪ್ರತ್ಯೇಕವಾಗಿ ತೋರಿಸತಕ್ಕದ್ದು. ಅದರ ಹೊರೆ ಸೆಕೆಂಡಿನ ಒಂದಂಶ ಮಾತ್ರವಾದರೂ ಆ ಕ್ಷಣದ ಕುಸಿತ ಪಕ್ಕದ ಕೊಠಡಿಯ ವೆಂಟಿಲೇಟರ್‌ಗೆ ತಟ್ಟಬಾರದು. ಅದಕ್ಕೆ ಯು.ಪಿ.ಎಸ್. ಆಸರೆ ಇರಲೇಬೇಕು.

ಮದುವೆ, ಜಾತ್ರೆ, ನಾಟಕ, ಸಭೆಗಳಿಗೆ ಬಾಡಿಗೆ ಜನರೇಟರ್ ತರಿಸುವವರು ತಿಳಿದಿರಬೇಕಾದುದು: ವಿದ್ಯುಚ್ಛಕ್ತಿ ಅಧಿನಿಯಮ, 2003ರ 54ನೇ ಪ್ರಕರಣದ ಮೇರೆಗೆ, 100 ಅಥವಾ ಹೆಚ್ಚು ಜನ ಸೇರುವ ಸಂಭವವಿರುವ ಸ್ಥಳದಲ್ಲಿ ಅಥವಾ ಬೀದಿಯಲ್ಲಿ 250 ವ್ಯಾಟ್ ಹಾಗೂ 100 ವೋಲ್ಟ್ ಮೀರಿದ ವಿದ್ಯುತ್ತನ್ನು ಬಳಸುವ ಮುನ್ನ ವಿದ್ಯುತ್ ಪರಿವೀಕ್ಷಕರಿಗೆ ಹಾಗೂ ಜಿಲ್ಲಾ ದಂಡಾಧಿಕಾರಿ ಅಥವಾ ಪೊಲೀಸ್ ಆಯುಕ್ತರಿಗೆ ಕನಿಷ್ಠ 7 ದಿನ ಮುಂಚಿತವಾಗಿ ಲಿಖಿತ ಸೂಚನೆ ನೀಡತಕ್ಕದ್ದು. ಸದರಿ ಸೂಚನೆಯಲ್ಲಿ ಜನರೇಟರ್‌ನ ಸಾಮರ್ಥ್ಯದ ಜೊತೆಗೆ ಧ್ವನಿವರ್ಧಕ, ದೀಪ ಹಾಗೂ ನೀರಿನ ಮೋಟಾರುಗಳ ಹೊರೆಯನ್ನು ಬೇರೆ ಬೇರೆಯಾಗಿ ಬರೆದಲ್ಲಿ ಪರಿಶೀಲನೆ ಶೀಘ್ರವಾಗುತ್ತದೆ. ಬಾಡಿಗೆಗೆ ಕೊಡುವವರು ಯಂತ್ರದೊಡನೆ ನಿರ್ವಾಹಕನನ್ನು ಕಳುಹಿಸಿದರೂ ಯಾವ ಹೊರೆ ಯಾವಾಗ ಸೇರುತ್ತದೆ ಎಂಬುದು ಅವನಿಗೆ ತಿಳಿದಿರುವುದಿಲ್ಲ. ಅದನ್ನು ಕಾರ್ಯಕ್ರಮದ ವ್ಯವಸ್ಥಾಪಕರೇ ಹಿಂದಿನ ದಿನ ಅವನಿಗೆ ತಿಳಿಸತಕ್ಕದ್ದು.